ಕರ್ನಾಟಕ ಘಟ್ಟದ ನೆರೆಮನೆ

ಕಾಶೀಯಾತ್ರೆಯನ್ನು ಕುರಿತು ಈ ಪತ್ರಿಕೆಯ ವಾಚಕರು ಇದುವರೆಗೆ ಎಷ್ಟೋ ಲೇಖನಗಳನ್ನು ಓದಿರಬಹುದು. ವಿಶ್ವನಾಥನ ದರ್ಶನ, ಅನ್ನಪೂರ್ಣೆಯ ಗುಡಿ, ಸಂಜೆಯ ಗಂಗಾರತಿ, ರೇಷ್ಮೆಸೀರೆಯ ಅಂಗಡಿಗಳು, ಪಂಡರ ಕಾಟ, ಇವುಗಳ ವಿಷಯದಲ್ಲಿ ನಾವು ಹೊಸದಾಗಿ ಹೇಳತಕ್ಕದ್ದು ಏನೂ ಇಲ್ಲ. ನಾವು ಬರೆಯಹೊರಟಿರುವುದು ಅಲ್ಲಿ ನಮ್ಮ ಬಿಡಾರಕ್ಕೆ ನೆರೆಯಾಗಿದ್ದ ಒಂದು ಸ್ಥಳವನ್ನೂ ಅಲ್ಲಿ ದುಡಿಯುವ ಜನರನ್ನೂ ಕುರಿತು. ಮನೆಮಂದಿಯೆಲ್ಲ ಕುಳಿತು ಓದುವ ಪತ್ರಿಕೆಯಲ್ಲಿ ಶ್ಮಶಾನದ ಮಾತೇಕೆಂದು ಹಿರಿಯರು ಹುಬ್ಬು ಗಂಟಿಕ್ಕಬಹುದು. ಆದರೆ ಮನೆಯೆಂಬ ಮನೆಗೆಲ್ಲ ಒಂದಲ್ಲ ಒಂದು ದಿನ ಆ ಜನರ ಕೈ ಬೇಕಾಗುವುದಷ್ಟೆ. ಆದುದರಿಂದ ಕ್ಷಮಿಸುವರೆಂದು ನಂಬಿದ್ದೇವೆ.

ನಮ್ಮ ಸಹಧರ್ಮಿಣಿಗೆ ಕಾಶಿಯನ್ನು ಕಾಣಬೇಕೆಂಬ ಆಸೆ ಬಹುಕಾಲದಿಂದ ಇದ್ದಿತು. ಪರೀಕ್ಷೆಗಳು ಮುಗಿಯಲಿ, ಮಗಳ ಮದುವೆಯಾಗಲಿ, ನಿವೃತ್ತಿಯಾಗಲಿ ಎಂದು ನಾವು ದಿನಗಳನ್ನು ತಳ್ಳುತ್ತ ಬಂದೆವು. ನಿವೃತ್ತಿಯಾದ ಏಳನೆಯ ತಿಂಗಳಿನಲ್ಲಿ ಆಕೆ ತೀರಿಕೊಂಡಳು. ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಯಥಾವಿಧಿಯಾಗಿ ವಿಸರ್ಜಿಸಿ, ಒಂದಿಷ್ಟನ್ನು ಮಾತ್ರ ಹಿತ್ತಾಳೆಯ ಸಂಪುಟದಲ್ಲಿ ಉಳಿಸಿಕೊಂಡಿದ್ದೆವು. ಅದನ್ನು ಕೈಚೀಲದಲ್ಲಿಟ್ಟುಕೊಂಡು, ಕಳೆದ ಮಾಘಮಾಸದಲ್ಲಿ, ಮೈಸೂರಿನಿಂದ ವಾರಾಣಸಿಗೆ ನೇರವಾಗಿ ಹೋಗುವ ರೈಲನ್ನು ಹತ್ತಿದೆವು. ಎರಡು ರಾತ್ರಿಗಳು ಗಾಡಿಯಲ್ಲಿ ಕಳೆದವು. ಚೀಲವನ್ನು ಸೀಟಿನ ಕೆಳಗಿಡಲು ಮನಸ್ಸು ಬಾರದೆ ತಲೆದೆಸೆಯಲ್ಲಿಯೇ ಇಟ್ಟುಕೊಂಡಿದ್ದೆವು.

ಕಾಶಿಯಲ್ಲಿ ಎಂಬತ್ತನಾಲ್ಕು ಘಟ್ಟಗಳಿವೆಯೆಂದು ಎಣಿಸುತ್ತಾರೆ. ಅವುಗಳಲ್ಲಿ ಒಂದು ನಮ್ಮದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸಂಸ್ಥಾನದವರು ಕಟ್ಟಿಸಿದ ಈ ಸೋಪಾನಕ್ಕೆ ಈಗ ಕರ್ನಾಟಕ ಘಟ್ಟವೆಂದು ಹೆಸರು. ಕನ್ನಡ ಯಾತ್ರಿಕರು ಇಳಿದುಕೊಳ್ಳುವ ಛತ್ರವೂ ಅಲ್ಲಿಯೇ ಇದೆ. ದಕ್ಷಿಣಕ್ಕೆ ಹನುಮಾನ್ ಘಟ್ಟ. ಅದರ ಗಲ್ಲಿಗಳಲ್ಲಿ ನಮ್ಮ ಕಡೆಯ ಪುರೋಹಿತರ ಮನೆಗಳೂ ಕಾಫಿಯ ಪರಿಮಳವೂ ಉಂಟು. ಉತ್ತರಕ್ಕೆ, ನಾಲ್ಕು ಹೆಜ್ಜೆಗಳ ಅಂತರದಲ್ಲಿ, ಹರಿಶ್ಚಂದ್ರ ಘಟ್ಟ. ಕಾಶಿಯಲ್ಲಿ ಶವದಹನ ನಡೆಯುವ ಘಟ್ಟಗಳು ಎರಡೇ. ಒಂದು ಮಣಿಕರ್ಣಿಕೆ, ಇನ್ನೊಂದು ಇದು. ಕರ್ನಾಟಕಕ್ಕೆ ಕಾಶಿಯಲ್ಲಿ ದೊರೆತ ನೆರೆಮನೆಯು ಇದಾಗಿರುವುದನ್ನು ಹೊರಡುವ ಮೊದಲು ನಮಗೆ ಯಾರೂ ಹೇಳಿರಲಿಲ್ಲ.

ಮೊದಲನೆಯ ಬೆಳಗಿನಲ್ಲಿ ಬಾಗಿಲು ತೆರೆದಾಗ ಗಂಗೆಯ ಮೇಲೆ ಮಂಜು ಕವಿದಿತ್ತು. ಅದರಲ್ಲಿ ಯಾವುದು ಮಂಜು, ಯಾವುದು ಹೊಗೆ ಎಂದು ತಿಳಿಯುವಂತಿರಲಿಲ್ಲ. ಜೊತೆಯಲ್ಲಿ ಇಳಿದುಕೊಂಡಿದ್ದ ಒಂದು ಸಂಸಾರದವರು ಆ ಕಡೆಯ ಕಿಟಕಿಯನ್ನು ಮುಚ್ಚಿ, ಸಂದಿಗೆ ಟವಲನ್ನು ತುರುಕಿದ್ದರು. ತಪ್ಪೆಂದು ಹೇಳುವುದಿಲ್ಲ, ಅವರೊಡನೆ ಎಳೆಯ ಮಕ್ಕಳಿದ್ದರು. ನಮಗೆ ಮಾತ್ರ ಆ ಕಿಟಕಿಯನ್ನು ಮುಚ್ಚಲು ಕೈ ಏಳಲಿಲ್ಲ.

ಅದಕ್ಕೆ ಕಾರಣವೂ ಉಂಟು. ಮೂವತ್ತಮೂರು ವರ್ಷಗಳ ಉಪಾಧ್ಯಾಯವೃತ್ತಿಯಲ್ಲಿ ನಾವು ಹರಿಶ್ಚಂದ್ರನ ಕಥೆಯನ್ನು ಹೇಳದ ವರ್ಷವಿಲ್ಲ. ಮಾರ್ಕಂಡೇಯ ಪುರಾಣದ ಉಪಾಖ್ಯಾನ, ಕ್ಷೇಮೀಶ್ವರನ ಚಂಡಕೌಶಿಕ ನಾಟಕ, ಎಲ್ಲಕ್ಕೂ ಮೇಲಾಗಿ ಹಂಪೆಯ ರಾಘವಾಂಕನ ಹರಿಶ್ಚಂದ್ರ ಕಾವ್ಯ. ವೀರಬಾಹುಕನಿಗೆ ಮಾರಿಕೊಂಡ ಅರಸು ಈ ಕಾಶಿಯ ಸುಡುಗಾಡನ್ನೇ ಕಾದನಲ್ಲವೆ? ಚಂದ್ರಮತಿಯು ಲೋಹಿತಾಶ್ವನ ಶವವನ್ನು ಹೊತ್ತು ಬಂದು, ಸುಂಕ ಕೊಡಲಾರದೆ ನಿಂತದ್ದು ಇಲ್ಲಿಯೇ ಅಲ್ಲವೆ? ಆ ಭಾಗವನ್ನು ಓದುವಾಗ ನಮ್ಮ ಕಂಠ ಗದ್ಗದವಾಗುತ್ತಿತ್ತು. ಹಿಂದಿನ ಬೆಂಚಿನ ಹುಡುಗರೂ ಮೌನವಾಗುತ್ತಿದ್ದರು. 1965ರ ಚಲನಚಿತ್ರವನ್ನು ನೋಡಿದ್ದ ಹುಡುಗರು ರಾಜಕುಮಾರರನ್ನು ನೆನೆದು ಅಳುವರು, ವೀರಬಾಹುವಾದ ಎಂ. ಪಿ. ಶಂಕರ್ ಅವರನ್ನು ನೆನೆದು ನಗುವರು. ನಾವೂ ನಗುತ್ತಿದ್ದೆವು.

ಮೊದಲನೆಯ ದಿನವೇ ಪುರೋಹಿತರೊಡನೆ ದೋಣಿಯಲ್ಲಿ ಹೋಗಿ ಸಂಪುಟವನ್ನು ಗಂಗೆಯಲ್ಲಿ ಬಿಟ್ಟೆವು. ಅದನ್ನು ಕುರಿತು ಹೆಚ್ಚು ಬರೆಯಲಾರೆವು. ಕೈಚೀಲ ಹಗುರವಾಗಿತ್ತು ಎಂದಷ್ಟೇ ಹೇಳಬಲ್ಲೆವು.

ಸಂಜೆ ಮಾಡಲು ಕೆಲಸವಿಲ್ಲದೆ ಸೋಪಾನಗಳನ್ನು ಹಿಡಿದು ಹರಿಶ್ಚಂದ್ರ ಘಟ್ಟಕ್ಕೆ ನಡೆದೆವು. ಆ ಹೊತ್ತಿನಲ್ಲಿ ನಾಲ್ಕು ಚಿತೆಗಳು ಉರಿಯುತ್ತಿದ್ದವು. ಐದನೆಯದಕ್ಕೆ ಸೌದೆಯನ್ನು ತಕ್ಕಡಿಯಲ್ಲಿ ತೂಗುತ್ತಿದ್ದರು. ಒಂದು ದೇಹಕ್ಕೆ 250ರಿಂದ 300 ಕಿಲೋ ಸೌದೆ ಬೇಕು, ಸುಮಾರು ಮೂರು ಗಂಟೆಗಳ ಕಾಲ ಬೇಕು. ಬಡವರು ಕಡಮೆ ಸೌದೆ ಕೊಳ್ಳುವರು. ಅದರಲ್ಲಿಯೇ ಕೆಲಸವನ್ನು ಪೂರೈಸಬೇಕಾದವನು ಡೋಮ. ಬಿದಿರುಗಳುವಿನಿಂದ ಕೊಳ್ಳಿಗಳನ್ನು ಒಳಕ್ಕೆ ನೂಕುತ್ತ, ಜಾರಿದ ಅಂಗವನ್ನು ಮತ್ತೆ ಉರಿಗೆ ಸೇರಿಸುತ್ತ, ಗಾಳಿಯ ದಿಕ್ಕನ್ನು ನೋಡಿ ನಿಲ್ಲುತ್ತ ಆತನು ದುಡಿಯುವನು. ಶವದ ಮನೆಯವರು ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿಯುವರು. ಗಂಗೆ ಭಾದ್ರಪದದಲ್ಲಿ ಏರಿ ಮೆಟ್ಟಿಲುಗಳೆಲ್ಲ ಮುಳುಗಿದಾಗ ಚಿತೆಗಳು ಮೇಲಿನ ಕಟ್ಟೆಗೂ ಗಲ್ಲಿಯ ಬಾಯಿಗೂ ಏರುವುವು; ಕೆಲಸಕ್ಕೆ ಮಾತ್ರ ಬಿಡುವಿಲ್ಲ. ಸಮೀಪದಲ್ಲಿ ಯಂತ್ರದಿಂದ ದಹಿಸುವ ಆಗಾರವೂ ಇದೆ. ಆದರೂ ಜನರು ಸೌದೆಯನ್ನೇ ಬಯಸುವರು.

ಡೋಮರಲ್ಲಿ ಪಾಳಿಯ ಕ್ರಮವುಂಟು. ಇಂತಿಂಥ ದಿನ ಇಂತಿಂಥ ಮನೆಯವರಿಗೆ ಘಟ್ಟದ ಆದಾಯ. ಉಳಿದವರು ಅವರ ಕೈಕೆಳಗೆ ಕೂಲಿಗೆ ದುಡಿಯುವರು. ಮಾನಮಂದಿರ ಘಟ್ಟದ ಕಡೆ ಡೋಮರಾಜನ ಮನೆಯ ಮೇಲೆ ಹುಲಿಗಳ ಪ್ರತಿಮೆಗಳು ಗಂಗೆಗೆ ಮುಖಮಾಡಿ ನಿಂತಿರುವುದನ್ನು ದೋಣಿಯಿಂದ ಎಲ್ಲರೂ ನೋಡುವರು, ಬೆರಳು ತೋರಿಸುವರು. ಹುಲಿಯಿರುವ ಮನೆ ಒಂದು. ಗಳು ಹಿಡಿದು ನಿಲ್ಲುವವರು ನೂರಾರು.

ಅಂಥವರಲ್ಲಿ ಒಬ್ಬನು, ವಯಸ್ಸು ಐವತ್ತರ ಹತ್ತಿರ, ಸರದಿ ಮುಗಿಸಿ ನಮ್ಮಿಂದ ಎರಡು ಮೆಟ್ಟಿಲ ಕೆಳಗೆ ಕುಳಿತನು. ನಮ್ಮ ಹಿಂದಿಯು ಸಂಸ್ಕೃತದಿಂದ ಕಟ್ಟಿದ್ದು, ಆತನದು ಭೋಜಪುರಿ. ಪುರೋಹಿತರ ಮನೆಯ ಹುಡುಗನೊಬ್ಬನು ನಡುವೆ ಕುಳಿತು ಎರಡನ್ನೂ ಹೊಲಿದುಕೊಟ್ಟನು. ನಾವು ಯಾರು, ಏಕೆ ಬಂದೆವೆಂದು ಆತನೇ ಮೊದಲು ವಿಚಾರಿಸಿದನು. ಹೇಳಿದೆವು. “ಒಳ್ಳೆಯದಾಯಿತು, ಮಾಸ್ಟರ್‌ಜೀ, ಕೆಲಸ ಮುಗಿಸಿದಿರಿ” ಎಂದನು.

ಈ ಕೆಲಸದಲ್ಲಿ ಭಯವಾಗುವುದಿಲ್ಲವೆ ಎಂದು ನಾವು ಕೇಳಿದೆವು. ಈಗ ಯೋಚಿಸಿದರೆ ಅದು ಮಂದಪ್ರಶ್ನೆ. ಪ್ರತಿಯೊಬ್ಬ ಯಾತ್ರಿಕನೂ ಕೇಳುವುದು ಅದನ್ನೇ ಎಂದು ಆತನ ಮುಖವೇ ಹೇಳಿತು. ಭಯವಿಲ್ಲವೆಂದೂ, ಹತ್ತು ವರ್ಷದವನಿದ್ದಾಗಲೇ ತಂದೆಯ ಜೊತೆ ಬಂದವನೆಂದೂ ಹೇಳಿದನು. ಸ್ವಲ್ಪ ಹೊತ್ತಿನ ಮೇಲೆ, ನಾವು ಕೇಳದೆಯೇ, ಬೇರೊಂದು ಮಾತನ್ನು ತೆಗೆದನು. ಮುದುಕರ ಮುಖಗಳು ಮರೆತುಹೋಗುವುವು. ಕೈಯಲ್ಲಿ ಮದರಂಗಿ ಮಾಸದೆ ಬಂದ ಹುಡುಗಿಯರ ಕೈಗಳು ಮರೆಯುವುದಿಲ್ಲ. ತನ್ನ ಮಗಳಿಗೆ ಮದುವೆಯಾದಾಗ ಮದರಂಗಿ ಹಚ್ಚುವ ದಿನ ತಾನು ಮನೆಯಲ್ಲಿ ನಿಲ್ಲಲಾರದೆ ಘಟ್ಟಕ್ಕೆ ಬಂದು ಕುಳಿತನಂತೆ. ಹೆಂಡತಿಯು ಇಂದಿಗೂ ಅದನ್ನು ಎತ್ತಿ ಆಡುವಳಂತೆ. 2021ರ ಚೈತ್ರ ವೈಶಾಖಗಳಲ್ಲಿ, ಆ ಮಹಾರೋಗದ ಎರಡನೆಯ ಅಲೆ ಬಂದಾಗ, ಹಗಲು ರಾತ್ರಿಗಳ ಭೇದವಿಲ್ಲದೆ ಸುಟ್ಟದ್ದುಂಟು. ಮನೆಯವರು ದೂರದಲ್ಲಿಯೇ ನಿಂತು ಕೈಮುಗಿದು ಹೋಗುತ್ತಿದ್ದರು. ಹತ್ತಿರ ಇದ್ದವರು ತಾವೇ. ಅಂದಿನಿಂದ ರಾತ್ರಿ ಎರಡು ಗಂಟೆಗೆ ಎಚ್ಚರವಾಗುವುದು, ಕುಡಿಯದೆ ಮತ್ತೆ ಕಣ್ಣು ಮುಚ್ಚದು.

“ಕುಡಿಯುವವರು, ಮೈಲಿಗೆಯವರು ಎಂದು ಜನ ಅನ್ನುತ್ತಾರೆ. ಅನ್ನಲಿ. ಆದರೆ ಒಂದು ಮಾತು, ಮಾಸ್ಟರ್‌ಜೀ. ನಿಮ್ಮ ಮನೆಯಲ್ಲಿ ಯಾರಾದರೂ ಹೋದರೆ ನೀವು ಹತ್ತು ದಿನ ನೆಲದ ಮೇಲೆ ಮಲಗುತ್ತೀರಿ, ಅಳುತ್ತೀರಿ, ಜನ ಬಂದು ಮಾತಾಡಿಸುತ್ತಾರೆ. ಆಮೇಲೆ ತೇರಹ್ವೀಂ ಮಾಡಿ ಏಳುತ್ತೀರಿ. ನಮಗೆ ಮೊದಲನೆಯ ದಿನವೇ ದಿನವೂ. ಹದಿಮೂರನೆಯ ದಿನ ಯಾವತ್ತೂ ಬರುವುದಿಲ್ಲ.”

ಹೊಲಿಯುತ್ತಿದ್ದ ಹುಡುಗನೂ ಸುಮ್ಮನಾದನು. ಧರ್ಮಶಾಸ್ತ್ರದ ಆಶೌಚ ಪ್ರಕರಣವನ್ನು ನಾವು ಗುರುಮುಖದಿಂದ ಓದಿದವರು. ಸಪಿಂಡರಿಗೆ ಹತ್ತು ದಿನವೆಂದೂ, ವೈದ್ಯರು, ಶಿಲ್ಪಿಗಳು, ರಾಜಭೃತ್ಯರು ಮೊದಲಾದವರಿಗೆ ಲೋಕದ ಕೆಲಸ ನಿಲ್ಲಬಾರದೆಂದು ಸದ್ಯಃಶೌಚವೆಂದೂ ಅಲ್ಲಿ ವಿಧಿಗಳಿವೆ. ಸೂತಕವನ್ನು ನಾವು ಯಾವಾಗಲೂ ಒಂದು ಕಟ್ಟುಪಾಡೆಂದೇ ತಿಳಿದಿದ್ದೆವು. ಅದು ದುಃಖಿತನಿಗೆ ಕೊಟ್ಟ ರಜೆಯೂ ಹೌದೆಂಬುದು ಹೊಳೆದಿರಲಿಲ್ಲ. ಮನುಸ್ಮೃತಿಯ ಹತ್ತನೆಯ ಅಧ್ಯಾಯವು ಬಂಧುಗಳಿಲ್ಲದ ಶವವನ್ನು ಹೊರುವ ಕೆಲಸವನ್ನು ಚಂಡಾಲರಿಗೆ ವಿಧಿಸುತ್ತದೆ. ಹೊತ್ತ ಮೇಲೆ ಅವರ ಮನಸ್ಸಿಗೆ ಏನಾಯಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ನಾವು ಓದಿಸಿದ ಕಥೆಯಾದರೂ ಏನು? ಪುರಾಣದಲ್ಲಿ ಆ ಸುಡುಗಾಡಿನ ಒಡೆಯನು ಸಾಕ್ಷಾತ್ ಧರ್ಮದೇವತೆಯೇ. ಕೊನೆಯಲ್ಲಿ ವೇಷವನ್ನು ಕಳಚುವನು. ಅರಸನು ರಾಜ್ಯಕ್ಕೆ ಹಿಂದಿರುಗುವನು. ಮರುದಿನ ಬೆಳಗ್ಗೆ ಆ ಘಟ್ಟದಲ್ಲಿ ಗಳುವನ್ನು ಹಿಡಿದವರಾರು? ಈ ಪ್ರಶ್ನೆಯನ್ನು ನಾವು ಯಾವ ಪರೀಕ್ಷೆಯ ಪತ್ರಿಕೆಯಲ್ಲಿಯೂ ಕೇಳಲಿಲ್ಲ.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಡೋಮನ ಮಾತಿಗಿಂತಲೂ ನಮ್ಮ ಊರಿನ ಒಂದು ಸಂಗತಿ ಅದಕ್ಕೆ ಹೆಚ್ಚು ಕಾರಣ. ಅದನ್ನು ಹೇಳದೆ ಈ ಲೇಖನವನ್ನು ಮುಂದುವರಿಸುವುದು ಪ್ರಾಮಾಣಿಕತೆಯಲ್ಲ.

ನಮ್ಮ ಮನೆಯವರು ತೀರಿಕೊಂಡದ್ದು ಊರಿನ ಒಂದು ಆಸ್ಪತ್ರೆಯಲ್ಲಿ. ಮಗಳು ಪರದೇಶದಿಂದ ಬರಬೇಕಾಗಿದ್ದುದರಿಂದ ದೇಹವನ್ನು ಎರಡು ರಾತ್ರಿ ಅಲ್ಲಿನ ಶವಾಗಾರದಲ್ಲಿಟ್ಟಿದ್ದರು. ಮೂರನೆಯ ದಿನ ಬೆಳಗ್ಗೆ ಹೋದಾಗ ಆಕೆಯ ಮುಖವನ್ನು ತೊಳೆದು, ತಲೆ ಬಾಚಿ, ಹಣೆಗೆ ಕುಂಕುಮವಿಟ್ಟಿದ್ದರು. ಅಲ್ಲಿಯ ಪರಿಚಾರಕನು ಬಾಗಿಲ ಮಗ್ಗುಲಲ್ಲಿ ನಿಂತಿದ್ದನು. “ಮೇಷ್ಟ್ರೇ, ಗುರುತು ಸಿಕ್ಕಿತಾ?” ಎಂದನು. ಸಿಗಲಿಲ್ಲ. “ಎಂಟನೇ ಕ್ಲಾಸಲ್ಲಿ ನಾಟಕ ಆಡಿಸಿದ್ದಿರಲ್ಲ, ನಾನು ವೀರಬಾಹು” ಎಂದನು.

ಆಗ ನೆನಪಾಯಿತು. ಆ ಪಾತ್ರವನ್ನು ವಹಿಸಲು ಬೇರೆ ಹುಡುಗರು ಒಪ್ಪಿರಲಿಲ್ಲ. ಊರಾಚೆಯ ಕೇರಿಯಿಂದ ಬರುತ್ತಿದ್ದ ಈತನನ್ನು, ಒಪ್ಪಿಗೆಯನ್ನೂ ಕೇಳದೆ, ನಾವೇ ಆರಿಸಿದ್ದೆವು. ಪಾತ್ರಕ್ಕೆ ಸರಿಹೋಗುವನೆಂದು ಹೇಳಿ ತರಗತಿಯನ್ನು ನಗಿಸಿಯೂ ಇದ್ದೆವು. ಕುಂಕುಮವನ್ನು ಎಲ್ಲಿಂದ ತಂದನೋ ಕೇಳಲಿಲ್ಲ. ಆತನ ಕೈಯನ್ನು ಹಿಡಿಯಲಿಲ್ಲ. ಐನೂರು ರೂಪಾಯಿಯ ನೋಟೊಂದನ್ನು, ಕೈಗೂ ಕೊಡದೆ, ಮೇಜಿನ ಅಂಚಿನಲ್ಲಿಟ್ಟು ಬಂದೆವು. ನಾವು ಅಲ್ಲಿದ್ದಷ್ಟು ಹೊತ್ತು ಆತನು ಅದನ್ನು ಮುಟ್ಟಲಿಲ್ಲ. ದುಃಖದಲ್ಲಿ ಬುದ್ಧಿ ನಿಲ್ಲುವುದಿಲ್ಲವೆಂದು ಬಂಧುಗಳು ಸಮಾಧಾನ ಹೇಳುವರು. ಆದರೆ ಕೈಯನ್ನು ಹಿಂದಕ್ಕೆ ಎಳೆದುಕೊಂಡದ್ದು ದುಃಖವಲ್ಲವೆಂದು ನಮಗೆ ಗೊತ್ತು.

ಬೆಳಗಾದ ಕೂಡಲೆ ಬೆಂಗಳೂರಿನಲ್ಲಿ ವೈದ್ಯನಾಗಿರುವ ಅಣ್ಣನ ಮಗನಿಗೆ ದೂರವಾಣಿ ಮಾಡಿ, ಶವಗಳ ನಡುವೆ ದುಡಿಯುವವರಿಗೆ ಬರುವ ಈ ಎಚ್ಚರಿಕೆಯ ರಾತ್ರಿಗಳು ಒಂದು ರೋಗವೇ ಎಂದು ಕೇಳಿದೆವು. ಅವನು ಬಿಡಿಸಿ ಹೇಳಿದನು. ಆಘಾತವು ಕಳೆದ ಮೇಲೂ ಅದರ ದೃಶ್ಯಗಳು ಬಲಾತ್ಕಾರವಾಗಿ ಮರುಕಳಿಸುವುದು, ನಿದ್ರಾನಾಶ, ಬೆಚ್ಚಿಬೀಳುವುದು, ನೆನಪಿಸುವ ವಸ್ತುಗಳಿಂದ ಓಡಿಹೋಗುವುದು, ಪ್ರೀತಿಪಾತ್ರರಲ್ಲಿಯೂ ಮನಸ್ಸು ಮರಗಟ್ಟುವುದು, ಇವುಗಳನ್ನು ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಒಂದು ವ್ಯಾಧಿಯೆಂದು ತನ್ನ ಕೈಪಿಡಿಯಲ್ಲಿ ಸೇರಿಸಿತು. 2013ರ ಆವೃತ್ತಿಯಲ್ಲಿ, ಮೃತರ ಅವಶೇಷಗಳನ್ನು ಕೆಲಸವೆಂದು ಮತ್ತೆ ಮತ್ತೆ ಎತ್ತಬೇಕಾದವರಿಗೂ ಇದು ಬರಬಹುದೆಂದು ಉದಾಹರಣೆಯಾಗಿಯೇ ಬರೆದರು. 1991ರ ಕೊಲ್ಲಿ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಶವಗಳನ್ನು ನೋಡಿಕೊಂಡವರನ್ನು ಅಲ್ಲಿನ ವೈದ್ಯರು ಪರಿಶೀಲಿಸಿದ್ದರು. ಛಿದ್ರವಾದ ದೇಹಗಳು ಸರಿಯೇ. ಆದರೆ ಮೃತನ ಜೇಬಿನ ಪತ್ರ, ಭಾವಚಿತ್ರ ಮುಂತಾದುವನ್ನು ಮುಟ್ಟಿದಾಗ, ಇವನು ನನ್ನಂತೆಯೇ, ನನ್ನ ತಮ್ಮನಂತೆಯೇ ಎಂದು ತೋರಿದಾಗ, ಮನಸ್ಸಿನ ಕಾವಲು ಮುರಿಯುವುದೆಂದು ಅವರು ಕಂಡರಂತೆ. ಮಕ್ಕಳ ದೇಹಗಳ ಮಾತನ್ನು ಹೇಳಬೇಕಾಗಿಯೇ ಇಲ್ಲ.

ನಮ್ಮ ದೇಶದ ಅನೇಕ ಶವಾಗಾರಗಳಲ್ಲಿ ವೈದ್ಯರು ನಿಂತು ಬರೆಸುವರು, ಕತ್ತರಿಸುವ ಹೊಲಿಯುವ ಕೆಲಸವೆಲ್ಲ ಪರಿಚಾರಕನದೇ ಎಂದೂ, ಬಹುಮಂದಿ ಮೊದಲು ಕುಡಿದೇ ಒಳಗೆ ಹೋಗುವರೆಂದೂ ಅವನು ಹೇಳಿದನು. ಎಷ್ಟೋ ಜನರದು ಗುತ್ತಿಗೆಯ ಕೂಲಿ. 2021ರಲ್ಲಿ ಬೆಂಗಳೂರಿನ ಚಿತಾಗಾರಗಳು ಸಾಲದೆ ತಾವರೆಕೆರೆಯಲ್ಲಿಯೂ ಗಿಡ್ಡೇನಹಳ್ಳಿಯಲ್ಲಿಯೂ ಬಯಲಿನಲ್ಲಿ ಸಾಲುಸಾಲಾಗಿ ಸುಟ್ಟದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೆವು. ಚಿತೆಗಳ ಚಿತ್ರ ನೆನಪಿದೆ. ಪಕ್ಕದಲ್ಲಿ ನಿಂತಿದ್ದವರ ಮುಖ ನೆನಪಿಲ್ಲ. 2023ರ ಆರಂಭದಲ್ಲಿ ಸರ್ಕಾರವು ಆ ನಗರದ ರುದ್ರಭೂಮಿ ನೌಕರರಿಗೆ ಸತ್ಯ ಹರಿಶ್ಚಂದ್ರ ಬಳಗವೆಂದು ಹೆಸರಿಡುವುದಾಗಿ ಸಾರಿತು. ಒಳ್ಳೆಯ ಹೆಸರೇ. ವೀರಬಾಹುವಿನ ಹೆಸರನ್ನಿಡಲು ನಮ್ಮಂತೆ ಅವರಿಗೂ ನಾಲಗೆ ಹೊರಳಲಿಲ್ಲವೇನೋ.

ಮರುದಿನ ವಿಶ್ವನಾಥನ ದರ್ಶನವನ್ನು ಮಾಡಿ, 2021ರ ಡಿಸೆಂಬರಿನಲ್ಲಿ ತೆರೆದ ಹೊಸ ಪ್ರಾಕಾರವನ್ನು ದಾಟಿ, ಮಣಿಕರ್ಣಿಕೆಗೂ ಹೋದೆವು. ಅಲ್ಲಿ ನೂಕುನುಗ್ಗಲು, ಮೊಬೈಲಿನಲ್ಲಿ ಚಿತ್ರ ಹಿಡಿಯಬೇಡಿರೆಂದು ಕೂಗುವವರು, ಹಿಡಿಯುವವರು. ಅರ್ಧ ಗಳಿಗೆಯೂ ನಿಲ್ಲದೆ ಹಿಂದಿರುಗಿದೆವು.

ಹೊರಡುವ ದಿನ ಬೆಳಗ್ಗೆ ಹರಿಶ್ಚಂದ್ರ ಘಟ್ಟದಲ್ಲಿ ಆತನನ್ನು ಹುಡುಕಿದೆವು. ಸರದಿಯಲ್ಲಿದ್ದನು, ಮಾತಿಗೆ ಬಿಡುವಿರಲಿಲ್ಲ. ನಮ್ಮನ್ನು ಕಂಡು ಗಳುವನ್ನು ಎಡಗೈಗೆ ಬದಲಿಸಿಕೊಂಡು ಬಲಗೈಯನ್ನು ಎದೆಗೆ ಒತ್ತಿದನು. ನಾವು ಹತ್ತಿರ ಹೋಗಿ ಆ ಕೈಯನ್ನು ಹಿಡಿದೆವು. ಬಿಸಿಯಾಗಿತ್ತು. ಗಲ್ಲಿಯ ಮೇಲಿಂದ ನೋಡುತ್ತಿದ್ದ ಛತ್ರದ ಸಹವಾಸಿಯೊಬ್ಬರು, “ಮತ್ತೊಮ್ಮೆ ಸ್ನಾನ ಮಾಡಿಬಿಡಿ ಸ್ವಾಮಿ, ರೈಲಿಗೆ ಇನ್ನೂ ಹೊತ್ತಿದೆ” ಎಂದರು. ಅವರದು ಒಳ್ಳೆಯ ಮನಸ್ಸೇ.

ಊರಿಗೆ ಬಂದ ನಾಲ್ಕನೆಯ ದಿನ ಗಂಗೆಯ ಒಂದು ತಂಬಿಗೆಯನ್ನು ತೆಗೆದುಕೊಂಡು ಆಸ್ಪತ್ರೆಯ ಹಿಂಭಾಗಕ್ಕೆ ಹೋದೆವು. ಆತನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ನಮ್ಮನ್ನು ನೋಡಿ ಗಾಬರಿಯಾಗಿ, “ಯಾರು ಹೋದ್ರು ಮೇಷ್ಟ್ರೇ?” ಎಂದನು.

“ಯಾರೂ ಇಲ್ಲಪ್ಪ. ನಿನ್ನನ್ನು ನೋಡೋಣವೆಂದು ಬಂದೆ.”

“ಇಲ್ಲಿಗೆ ಸುಮ್ಮನೆ ಯಾರೂ ಬರಲ್ಲ” ಎಂದು ನಂಬದವನಂತೆ ನಿಂತನು. ಆಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ತಂದು ಹೊಂಗೆಯ ಮರದ ಕೆಳಗೆ ಹಾಕಿದನು. ತಾನು ಕಟ್ಟೆಯ ಮೇಲೆ ಕುಳಿತನು. ಚಹಾ ತರಿಸಿದೆವು. ಆ ದಿನದ ಕುಂಕುಮದ ಮಾತನ್ನು ಕೇಳಿದೆವು. ಗೇಟಿನ ಹೂವಿನವಳ ಹತ್ತಿರ ಕೇಳಿ ತಂದನಂತೆ. ನಾಟಕದ ಮಾತನ್ನು ಎತ್ತಿ, ತಪ್ಪಾಯಿತೆಂದು ಹೇಳಿದೆವು. ಆತನು ನೆಲವನ್ನು ನೋಡುತ್ತ, “ಅವತ್ತು ಮನೇಲಿ ಅಳ್ತಾ ಇದ್ದೆ. ನಮ್ಮಪ್ಪ ಹೋಗ್ಲಿ ಬಿಡು ಅಂದ್ರು. ಡೈಲಾಗು ಈಗಲೂ ಬರುತ್ತೆ” ಎಂದನು. ಕ್ಷಮಿಸಿದೆನೆಂದು ಹೇಳಲಿಲ್ಲ, ಹೇಳಲೆಂದು ನಾವು ಹೋದದ್ದೂ ಅಲ್ಲ.

ಕೆಲಸಕ್ಕೆ ಸೇರಿ ಹದಿನೆಂಟು ವರ್ಷಗಳಾಗಿವೆ. ಮಕ್ಕಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿದ್ದೇನೆಂದು ಹೇಳಿದ್ದಾನೆ. ಬಾಡಿಗೆಯ ಮನೆಯವರಿಗೂ ಹಾಗೆಯೇ. ಒಮ್ಮೆ ನಿಜವನ್ನು ಹೇಳಿ ಮನೆ ಬಿಡಬೇಕಾಯಿತಂತೆ. ವಾಸನೆ ಹೋಗದೆಂದು ಸಂಜೆ ಎರಡು ಸಲ ಮೀಯುವನು. ಹೋಗಿದೆಯೆಂದು ಹೆಂಡತಿ ಹೇಳಿದರೂ ಮೂಗಿಗೆ ತೋರುವುದು. ಇವೆಲ್ಲವನ್ನೂ ಹವೆಯ ವಿಷಯವನ್ನು ಹೇಳುವವನಂತೆ ಹೇಳಿದನು. ಕೊನೆಗೆ, ಬಹಳ ಹೊತ್ತು ಸುಮ್ಮನಿದ್ದು, ಒಂದು ಸಂಗತಿಯನ್ನು ಹೇಳಿದನು. ಆರು ವರ್ಷಗಳ ಹಿಂದೆ ರಸ್ತೆಯ ಅಪಘಾತದಲ್ಲಿ ಒಬ್ಬ ಶಾಲೆಯ ಹುಡುಗನನ್ನು ತಂದಿದ್ದರು. ವಸ್ತುಗಳ ಪಟ್ಟಿ ಮಾಡಬೇಕಾದುದರಿಂದ ಚೀಲವನ್ನು ಬಿಚ್ಚಿದನು. ಊಟದ ಡಬ್ಬಿ ಇತ್ತು. ತೆರೆಯಬೇಕಾಗಿರಲಿಲ್ಲ, ಆದರೆ ಮುಚ್ಚಳ ಸಡಿಲವಾಗಿತ್ತು. ಚಿತ್ರಾನ್ನ, ಮೇಲೆ ಹುರಿದ ಕಡಲೆಕಾಯಿ ಬೀಜ. ಇನ್ನೂ ಬೆಚ್ಚಗಿತ್ತು. ಅಂದಿನಿಂದ ಮನೆಯಲ್ಲಿ ಚಿತ್ರಾನ್ನ ಮಾಡಬೇಡವೆಂದು ಹೆಂಡತಿಗೆ ಹೇಳಿದ್ದಾನೆ. ಏಕೆಂದು ಹೇಳಿಲ್ಲ. ಮಗನಿಗೆ ಅದು ಬಹಳ ಇಷ್ಟ. ಅಪ್ಪನಿಗೆ ಹುಚ್ಚೆಂದು ಅವನು ಅನ್ನುವನಂತೆ.

“ಇದನ್ನು ಯಾರಿಗಾದರೂ ಹೇಳಿದ್ದೀಯಾ?” ಎಂದೆವು.

“ಈಗ ಹೇಳ್ದೆ” ಎಂದನು.

ಮನಸ್ಸಿನ ವೈದ್ಯರನ್ನು ಕಾಣಬಹುದೆಂದೂ, ನಮ್ಮ ಹುಡುಗನು ಬೇಕಾದ ಏರ್ಪಾಡನ್ನು ಮಾಡುವನೆಂದೂ ಹೇಳಿದೆವು. ಯೋಚನೆ ಮಾಡುವೆನೆಂದನು. ಅಷ್ಟರಲ್ಲಿ ಆಂಬುಲೆನ್ಸ್ ಬಂದು ನಿಂತಿತು. ಆತನು ಎದ್ದು, ತಂಬಿಗೆಯನ್ನು ಮರದ ಬುಡದಲ್ಲಿ ನೆರಳಿಗೆ ಸರಿಸಿಟ್ಟು ಒಳಗೆ ಹೋದನು.

ಈಗ ಗುರುವಾರಗಳಂದು ನಾವು ಅಲ್ಲಿಗೆ ಹೋಗುವುದುಂಟು. ಕೆಲವು ದಿನ ಅರ್ಧ ಗಂಟೆ ಮಾತು ನಡೆಯುತ್ತದೆ. ಕೆಲವು ದಿನ ಆತನಿಗೆ ಹೊರಗೆ ಬರಲು ಬಿಡುವಿರುವುದಿಲ್ಲ, ಕುರ್ಚಿ ಮಾತ್ರ ಮರದ ಕೆಳಗೆ ಇರುತ್ತದೆ. ಮನೆಯಿಂದ ಉಪ್ಪಿಟ್ಟನ್ನೋ ಅವಲಕ್ಕಿಯನ್ನೋ ಡಬ್ಬಿಯಲ್ಲಿ ಒಯ್ಯುತ್ತೇವೆ. ಚಿತ್ರಾನ್ನವನ್ನು ಒಯ್ಯುವುದಿಲ್ಲ.